ಅಮ್ಮನ ಆಭಾ ಖಾತೆ, ನನ್ನ ಮೊಬೈಲ್ ನಂಬರ್: ಮೂರು ವರ್ಷ ಬಳಸಿದ ಮೇಲೆ

ಅಮ್ಮನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿಮೂರು ವರ್ಷ, ಬಿಪಿಗೆ ಒಂಬತ್ತು. ಅಷ್ಟೂ ವರ್ಷಗಳ ಚೀಟಿ, ರಿಪೋರ್ಟು ಎಲ್ಲ ಜವಳಿ ಅಂಗಡಿಯವರು ಕೊಟ್ಟ ಒಂದು ಬಟ್ಟೆ ಚೀಲದಲ್ಲಿ ಇರುತ್ತಿದ್ದವು. "ಹೋದ ಸಲ ಕ್ರಿಯಾಟಿನಿನ್ ಎಷ್ಟಿತ್ತಮ್ಮಾ?" ಅಂತ ಡಾಕ್ಟರು ಕೇಳಿದರೆ ನಾನು ಆ ಚೀಲವನ್ನು ಮಡಿಲಿಗೆ ಸುರಿದುಕೊಂಡು ಹುಡುಕುತ್ತಾ ಕೂರಬೇಕಿತ್ತು. ಹಳೆಯ ಇಸಿಜಿ ಕಾಗದ ಸಿಕ್ಕರೂ ಮಾಸಿಹೋಗಿ ಗೆರೆಯೇ ಕಾಣುತ್ತಿರಲಿಲ್ಲ. 2022ರ ಕೊನೆಯಲ್ಲಿ ಆಸ್ಪತ್ರೆಯ ಕೌಂಟರಿನಲ್ಲೇ ಅಮ್ಮನಿಗೆ ಆಭಾ (ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್) ಖಾತೆ ಮಾಡಿಕೊಟ್ಟಾಗ ನನಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ ಅನ್ನಿಸಿತು.

ಖಾತೆ ಮಾಡಿಸುವುದು ಹೇಗೆ, ಹದಿನಾಲ್ಕು ಅಂಕಿ ಯಾಕೆ ಅಂತೆಲ್ಲ ಈಗಾಗಲೇ ಬೇಕಾದಷ್ಟು ಜನ ಬರೆದಿದ್ದಾರೆ. ಒಂದೇ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ತಪ್ಪು ತಿಳಿದಿದ್ದಾರೆ: ಇದು ಐದು ಲಕ್ಷದ ಚಿಕಿತ್ಸೆಯ ಕಾರ್ಡ್ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡೇ ಬೇರೆ, ಇದೇ ಬೇರೆ. ಆಭಾ ಅಂದರೆ ನಿಮ್ಮ ವೈದ್ಯಕೀಯ ದಾಖಲೆಗಳನ್ನು ಒಂದು ದಾರಕ್ಕೆ ಪೋಣಿಸುವ ನಂಬರ್, ಅಷ್ಟೆ. ಅದನ್ನು ನೋಡಲು ಆಪ್‌ಗಳು ಹಲವು ಇವೆ. ನಾನು ಬಳಸುವುದರ ಹೆಸರು ಬರೆಯುತ್ತಿಲ್ಲ, ನಾನು ಹೇಳಹೊರಟಿರುವುದಕ್ಕೆ ಅದು ಮುಖ್ಯವೂ ಅಲ್ಲ.

ಮೊದಲು ಖುಷಿ ಕೊಟ್ಟಿದ್ದು ಸರದಿಯಲ್ಲಿ ನಿಲ್ಲುವುದು ತಪ್ಪಿದ್ದು. ಮೊದಲೆಲ್ಲ ಬೆಳಿಗ್ಗೆ ಏಳಕ್ಕೇ ಹೋಗಿ ಒಪಿಡಿ ಚೀಟಿಗೆ ನಿಲ್ಲಬೇಕಿತ್ತು. ಅಮ್ಮ ಖಾಲಿ ಹೊಟ್ಟೆ, ರಕ್ತ ಕೊಡಬೇಕಲ್ಲ. ನಾನು ಆಫೀಸಿಗೆ ಅರ್ಧ ದಿನ ರಜೆ. ಈಗ ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ಹೆಸರು, ವಯಸ್ಸು, ವಿಳಾಸ ಕಳಿಸಿದರೆ ಮೊಬೈಲಿಗೇ ಟೋಕನ್ ಬರುತ್ತದೆ. ಆ ನಂಬರ್ ಕೌಂಟರಿನಲ್ಲಿ ಹೇಳಿದರೆ ಚೀಟಿ ಕೈಗೆ. ಒಂಬತ್ತೂವರೆಗೆ ಅಮ್ಮ ಕ್ಯಾಂಟೀನಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಕೂತಿರುತ್ತಾರೆ.

ಅದಕ್ಕಿಂತ ಹೆಚ್ಚು ನಾನು ಇಷ್ಟಪಟ್ಟಿದ್ದು ಒಪ್ಪಿಗೆ ಕೇಳುವ ಪರದೆಯನ್ನು. ಬೇರೆ ಆಸ್ಪತ್ರೆಯವರು ಅಮ್ಮನ ಹಳೆಯ ದಾಖಲೆ ನೋಡಬೇಕೆಂದರೆ ಕೋರಿಕೆ ಕಳಿಸಬೇಕು. ಯಾರು ಕೇಳುತ್ತಿದ್ದಾರೆ, ಯಾತಕ್ಕೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗಿನದು, ಚೀಟಿಯೋ ಲ್ಯಾಬ್ ರಿಪೋರ್ಟೋ ಡಿಸ್ಚಾರ್ಜ್ ಸಾರಾಂಶವೋ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಎಲ್ಲ ಬರೆದಿರುತ್ತದೆ. ಬೇಡವಾದದ್ದರ ಗುರುತು ತೆಗೆಯಬಹುದು, ತಾರೀಕು ಹಿಂದೆಮುಂದೆ ಮಾಡಬಹುದು, ಕೊಟ್ಟ ಒಪ್ಪಿಗೆಯನ್ನು ಆಮೇಲೆ ವಾಪಸ್ಸೂ ಪಡೆಯಬಹುದು. ಕಣ್ಣಿನ ಆಸ್ಪತ್ರೆಯಿಂದ ಮೊದಲ ಕೋರಿಕೆ ಬಂದ ದಿನ ನಾವಿಬ್ಬರೂ ರಾತ್ರಿ ಊಟವಾದ ಮೇಲೆ ಅಡುಗೆಮನೆ ಕಟ್ಟೆಗೆ ಒರಗಿಕೊಂಡು ಅದನ್ನು ಸಾಲುಸಾಲಾಗಿ ಓದಿದೆವು. ಐದು ವರ್ಷದ್ದೆಲ್ಲ ಕೇಳಿದ್ದರು. "ಕಣ್ಣು ನೋಡೋರಿಗೆ ಐದು ವರ್ಷದ್ದು ಯಾಕೇ? ಒಂದು ವರ್ಷದ್ದು ಸಾಕು, ಸಕ್ಕರೆ ಎಷ್ಟಿದೆ ಅಂತ ಗೊತ್ತಾದ್ರೆ ಆಯ್ತು" ಅಂದರು ಅಮ್ಮ. ತಾರೀಕು ಬದಲಾಯಿಸಿ, ಲ್ಯಾಬ್ ರಿಪೋರ್ಟಿಗೆ ಮಾತ್ರ ಗುರುತು ಹಾಕಿ, ಹತ್ತು ದಿನದ ಗಡುವು ಕೊಟ್ಟೆವು. ಏಳನೇ ತರಗತಿ ಓದಿದ ಹೆಂಗಸು, ತನ್ನ ಮೈಯ ವಿಷಯದಲ್ಲಿ ಇಷ್ಟು ಕೊಡುತ್ತೇನೆ, ಇಷ್ಟು ಕೊಡಲ್ಲ ಅಂತ ಒಂದು ಆಸ್ಪತ್ರೆಗೆ ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವತ್ತೇ ನಾನು ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಆದರೆ ಕೌಂಟರಿನಲ್ಲಿ ಖಾತೆ ಮಾಡುವಾಗ ಒಂದು ಕೆಲಸ ಆಗಿಹೋಗಿತ್ತು. "ಮನೆಯವರ ನಂಬರ್ ಹೇಳಿ" ಅಂದಿದ್ದರು. ಅಮ್ಮ ನನ್ನ ನಂಬರ್ ಹೇಳಿದ್ದರು. ಅದು ಯಾತಕ್ಕೆ ಅಂತ ಅವರು ವಿವರಿಸಲಿಲ್ಲ, ನಾವು ಕೇಳಲಿಲ್ಲ. ಆಭಾ ಮಾಡಿಸಿದರೇ ಚೀಟಿ ಅಂತಲೂ ಅವತ್ತು ಹೇಳಿದ್ದರು. ಅದು ಸುಳ್ಳು. ಆಭಾ ಕಡ್ಡಾಯವಲ್ಲ, ಬೇಕಾದವರು ಮಾಡಿಸಿಕೊಳ್ಳುವುದು, ಬೇಡವೆಂದರೆ ಅಳಿಸಿಬಿಡಲೂ ಅವಕಾಶವಿದೆ.

ಎರಡನೇ ವರ್ಷ, ಮಾರ್ಚ್ ತಿಂಗಳು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ, ಮೊಬೈಲ್ ಸದ್ದಾಯಿತು. ಅಮ್ಮನ ಖಾತೆಗೆ ಹೊಸ ದಾಖಲೆ. ಸಕ್ಕರೆ ರಿಪೋರ್ಟ್ ಇರಬೇಕು ಅಂತ ತೆರೆದೆ. ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಆಗಿತ್ತು. ಎಡಭಾಗದಲ್ಲಿ ಗಂಟು, ಸೂಜಿ ಪರೀಕ್ಷೆ ಮಾಡಿಸಿ ಅಂತ ಬರೆದಿದ್ದರು. ತಾರೀಕು ನೋಡಿದೆ, ಹಿಂದಿನ ದಿನದ್ದು. ಹಿಂದಿನ ದಿನ ಅಮ್ಮ ಪಕ್ಕದ ಮನೆಯ ಅಕ್ಕನ ಜೊತೆ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಅಂದಿದ್ದರು.

ನಾನು ರಜೆ ಹಾಕಿ ಮನೆಗೆ ಓಡಿದೆ. ಅಳುತ್ತಲೇ ಮೊಬೈಲ್ ತೋರಿಸಿದೆ. ಅಮ್ಮ ಗಾಬರಿಯಾಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಮಗೂದು ಪರೀಕ್ಷೆ ಮುಗೀಲಿ ಅಂತ ಇದ್ದೆ ಕಣೆ. ನಾನೇ ಹೇಳ್ತಿದ್ದೆ. ಹೇಳೋದನ್ನೂ ನನ್ನ ಕೈಗೆ ಬಿಡಲಿಲ್ಲ ನೋಡು" ಅಂದರು. ಗಂಟು ಏನೂ ಅಲ್ಲ ಅಂತ ಮುಂದಿನ ವಾರ ಗೊತ್ತಾಯಿತು. ಆದರೂ ಆ ಮಾತು ನನ್ನಿಂದ ದೂರವಾಗಿಲ್ಲ. ಬೇರೆಯವರಿಗೆ ಬಂದ ಕಾಗದವನ್ನು ಒಡೆದು ಓದಿದ ಹಾಗೆ ಆಗಿತ್ತು. ಮಗಳು ಅನ್ನುವ ಸಲುಗೆಯಲ್ಲಿ ಓದಿದ್ದೆ, ಓದಿದ್ದು ತಪ್ಪೇ.

ಅಲ್ಲಿಯವರೆಗೆ ಆರೋಗ್ಯ ದಾಖಲೆಯ ಸುರಕ್ಷತೆ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ದೂರದ ಕಳ್ಳರು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತಲ್ಲ, ಅಂಥದ್ದು. 2021ರಲ್ಲಿ ಕೋವಿಡ್ ಲಸಿಕೆಗೆ ಆಧಾರ್ ತೋರಿಸಿದ ಎಷ್ಟೋ ಜನರಿಗೆ ಗೊತ್ತಿಲ್ಲದೆಯೇ ಹೆಲ್ತ್ ಐಡಿ (ಆಭಾದ ಹಳೆಯ ಹೆಸರು) ಸಿದ್ಧವಾಗಿತ್ತು ಅಂತ ಪತ್ರಿಕೆಗಳಲ್ಲಿ ಬಂದಿತ್ತು, ಅದೂ ನೆನಪಿತ್ತು. ಅಂಥ ಅಪಾಯ ಇಲ್ಲವೆಂದಲ್ಲ. ಆಭಾದಲ್ಲಿ ದಾಖಲೆಗಳೆಲ್ಲ ಒಂದೇ ಕಡೆ ರಾಶಿ ಬೀಳುವುದಿಲ್ಲ, ಮಾಡಿದ ಆಸ್ಪತ್ರೆಯಲ್ಲೇ ಉಳಿಯುತ್ತವೆ, ಒಪ್ಪಿಗೆ ಸಿಕ್ಕಾಗ ಮಾತ್ರ ಹರಿಯುತ್ತವೆ. ಇದು ಒಳ್ಳೆಯ ಕಟ್ಟೋಣ. ಆದರೆ ಹಾಗಿದ್ದಾಗ ಕಾವಲು ಪ್ರತಿ ಆಸ್ಪತ್ರೆಯ ಕೈಯಲ್ಲೂ ಇರುತ್ತದೆ. ನಾನು ಒಂದು ಲ್ಯಾಬಿನಲ್ಲಿ ಕಂಪ್ಯೂಟರ್ ಪರದೆಯ ಅಂಚಿಗೆ ಹಳದಿ ಚೀಟಿಯಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಎರಡೂ ಬರೆದು ಅಂಟಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಳದಿ ಚೀಟಿಗಿಂತ ಹತ್ತಿರದ ಅಪಾಯ ನಮ್ಮ ಮನೆಗಳಲ್ಲೇ ಇದೆ ಅಂತ ಅಮ್ಮನಿಂದ ಕಲಿತೆ. ಓಟಿಪಿ ಯಾರ ಮೊಬೈಲಿಗೆ ಬರುತ್ತದೋ ಅವರೇ ಖಾತೆಯ ಒಡೆಯರು ಅಂತ ತಿಳಿದು ಈ ವ್ಯವಸ್ಥೆ ನಡೆಯುತ್ತದೆ. ನಮ್ಮಲ್ಲಿ ಹಾಗಿಲ್ಲ. ಗಂಡನ ನಂಬರಿಗೆ ಹೆಂಡತಿಯ ಖಾತೆ, ಮಗನ ನಂಬರಿಗೆ ಅಪ್ಪ ಅಮ್ಮ ಇಬ್ಬರದ್ದೂ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಇದನ್ನು ಎಷ್ಟೋ ಜನರ ಹತ್ತಿರ ಮಾತಾಡಿದ್ದೇನೆ. ಗಂಡಸರಲ್ಲಿ ಬಹಳಷ್ಟು ಜನ "ನಮ್ಮ ಹತ್ರ ಮುಚ್ಚಿಡೋಕೆ ಏನಿದೆ ಮೇಡಂ?" ಅನ್ನುತ್ತಾರೆ. ಹೆಂಗಸರು ಹಾಗೆ ಅನ್ನುವುದು ಕಡಿಮೆ. ಮದುವೆಗೆ ಇರುವ ಮಗಳ ಪಿಸಿಓಡಿ ಚೀಟಿ, ಅತ್ತೆಗೆ ಹೇಳದ ಗರ್ಭಪಾತ, ನಿದ್ದೆ ಬರದೆ ಮನೋವೈದ್ಯರ ಹತ್ತಿರ ಹೋಗಿದ್ದು, ಇವೆಲ್ಲ ಯಾವುದೋ ಕಂಪನಿಗೆ ತಿಳಿಯುವುದಕ್ಕಿಂತ ಹೆಚ್ಚಾಗಿ ಮನೆಯವರಿಗೆ ತಿಳಿದೀತು ಅನ್ನುವುದು ಅವರ ಚಿಂತೆ. ಒಬ್ಬಾಕೆ ನನ್ನ ಕಿವಿಯಲ್ಲಿ "ನಾನು ಅದಕ್ಕೇ ಆ ಡಾಕ್ಟ್ರ ಹತ್ರ ಆಭಾ ಇಲ್ಲ ಅಂತೀನಿ" ಅಂದರು. ಅದು ಸರಿಯಾದ ಉಪಾಯವೇ.

ಗುಟ್ಟು ಕಾಯುವ ಹಕ್ಕು ಕಾಯ್ದೆಯಲ್ಲಿ ಇಲ್ಲವೇ ಅಂದರೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸರಿಯಾಗಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಇವೆಲ್ಲ ಬೇಕು. ಆದರೆ ಕೌಂಟರಿನಲ್ಲಿ "ಯಾರ ನಂಬರಿಗೆ ಮೆಸೇಜ್ ಬರಬೇಕಮ್ಮಾ, ನಿಮ್ಮದಕ್ಕಾ?" ಅಂತ ಒಂದು ಪ್ರಶ್ನೆ ಕೇಳಿದ್ದರೆ ಅಮ್ಮನಿಗೆ ಆದ ನೋವು ಆಗುತ್ತಿರಲಿಲ್ಲ.

ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸುವಷ್ಟು ದುಡ್ಡು ಆ ತಿಂಗಳು ಇರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. 1,400 ರೂಪಾಯಿಯ ಒಂದು ಕೀಪ್ಯಾಡ್ ಫೋನ್, ಅವರ ಹೆಸರಿನಲ್ಲೇ ಒಂದು ಸಿಮ್ ತಂದೆ. ಖಾತೆಯ ಪ್ರೊಫೈಲಿಗೆ ಹೋಗಿ ನಂಬರ್ ಬದಲಾಯಿಸಿ ನನ್ನ ಮೊಬೈಲಿನಿಂದ ಲಾಗೌಟ್ ಆದೆ. ಈಗ ದಾಖಲೆ ನೋಡಬೇಕೆಂದರೆ ಓಟಿಪಿ ಅವರ ಫೋನಿಗೆ ಹೋಗುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡು, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡೆರಡೇ ಅಂಕಿ ಹೇಳುತ್ತಾರೆ. "ನಲವತ್ತೇಳು... ಬರ್ಕೊಂಡ್ಯಾ? ಹದಿಮೂರು..." ಕೆಲಸ ಮುಗಿದ ಮೇಲೆ "ಮುಚ್ಚಿದ್ಯಾ?" ಅಂತ ಕೇಳಿ, ನಾನು ಪರದೆ ತೋರಿಸಿದ ಮೇಲೇ ಕನ್ನಡಕ ತೆಗೆಯುತ್ತಾರೆ. ಮೊದಲು ನನಗೆ ಎರಡು ನಿಮಿಷದ ಕೆಲಸ, ಈಗ ಹತ್ತು ನಿಮಿಷ. ಆ ಎಂಟು ನಿಮಿಷ ಅವರ ಪಾಲಿಗೆ ಸೇರಬೇಕಾದದ್ದೇ.

ಇನ್ನೊಂದು ಕೊರತೆ ಉಳಿದಿದೆ. ಕೋರಿಕೆ ಬಂದಾಗ ದಾಖಲೆಯ ಬಗೆ, ತಾರೀಕಿನಂಥವನ್ನು ಆರಿಸಬಹುದೇ ಹೊರತು "ಈ ಕಾಯಿಲೆಯದ್ದು ಮಾತ್ರ ಬೇಡ" ಅನ್ನಲಾಗದು. ಒಂದು ಡಿಸ್ಚಾರ್ಜ್ ಸಾರಾಂಶ ಕೊಟ್ಟರೆ ಅದರಲ್ಲಿ ಹಳೆಯ ಚರಿತ್ರೆಯೆಲ್ಲ ಬಂದುಬಿಡುತ್ತದೆ. ಕೊಟ್ಟ ಒಪ್ಪಿಗೆ ಹಿಂದೆಗೆದರೂ ಅಷ್ಟರಲ್ಲಿ ಓದಿದವರ ತಲೆಯಿಂದ ಅದನ್ನು ತೆಗೆಯಲು ಬರುವುದಿಲ್ಲ. ಅದಕ್ಕೇ ನಾವು ಡಿಸ್ಚಾರ್ಜ್ ಸಾರಾಂಶವನ್ನು ಈಗಲೂ ಕಾಗದದಲ್ಲೇ ಒಯ್ದು ತೋರಿಸಿ ವಾಪಸ್ ತರುತ್ತೇವೆ. ಬಟ್ಟೆ ಚೀಲ ಪೂರ್ತಿ ಖಾಲಿಯಾಗಿಲ್ಲ.

ಬಿಡುವುದಿಲ್ಲ, ಬಳಸುತ್ತೇನೆ. ಐದಕ್ಕೆ ಮೂರೂವರೆ. ಮನೆಯಲ್ಲಿ ವಯಸ್ಸಾದವರಿಗೆ ಆಭಾ ಮಾಡಿಸಿಕೊಟ್ಟಿರುವವರು ಇವತ್ತೇ ಖಾತೆ ತೆರೆದು ಅದರಲ್ಲಿ ಯಾರ ನಂಬರ್ ಇದೆ ನೋಡಿ. ನಿಮ್ಮದಿದ್ದರೆ ಅವರನ್ನು ಒಮ್ಮೆ ಕೇಳಿ. ಇರಲಿ ಬಿಡು ಅಂದರೆ ಇರಲಿ.

ಹೋದ ತಿಂಗಳು ಅಮ್ಮನಿಗೆ ಒಂದು ಕೋರಿಕೆ ಬಂತು. ಆ ಆಸ್ಪತ್ರೆಗೆ ಅವರು ಯಾವಾಗ ಹೋಗಿದ್ದರೋ ನನಗೆ ತಿಳಿದಿರಲಿಲ್ಲ. ಓಟಿಪಿ ಹೇಳಿ, ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು, "ಒಪ್ಪಿಗೆ ಒತ್ತೋದು ಎಲ್ಲಿ ತೋರಿಸು" ಅಂದರು. ತೋರಿಸಿ ನಾನು ಹಿತ್ತಲಿಗೆ ಬಟ್ಟೆ ತರಲು ಹೋದೆ.