ಸೋಮವಾರದ ಅರವತ್ತು ವರ್ಕ್ ಆರ್ಡರ್: ಇಆರ್‌ಪಿನೆಕ್ಸ್ಟ್ ನಾಲ್ಕು ವರ್ಷ ಬಳಸಿದ ಮೇಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಲ್ಯಾನಿಂಗ್ ನನ್ನ ಕೆಲಸ. ವಾರಕ್ಕೆ ಅರವತ್ತರ ಆಸುಪಾಸು ವರ್ಕ್ ಆರ್ಡರ್‌ಗಳು, ಅಂದರೆ ಯಾವ ಭಾಗ ಎಷ್ಟು ತಯಾರಿಸಬೇಕೆಂಬ ಆದೇಶಗಳು, ಶಾಪ್‌ಗೆ ಇಳಿಯುತ್ತವೆ. ಮೊದಲು ಇವೆಲ್ಲ ಎಕ್ಸೆಲ್‌ನಲ್ಲಿದ್ದವು. ಇಆರ್‌ಪಿನೆಕ್ಸ್ಟ್ 13ನೇ ಆವೃತ್ತಿಯಿಂದ ಆರಂಭಿಸಿ ಈಗ 15ರಲ್ಲಿದ್ದೇವೆ. ಉತ್ಪಾದನೆ, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೆಡೆ ನಡೆಸುವ, ಮುಂಬೈನ ಫ್ರಾಪೆ ಸಂಸ್ಥೆಯ ಮುಕ್ತ ತಂತ್ರಾಂಶ ಇದು. ಪರವಾನಗಿ ಶುಲ್ಕವಿಲ್ಲ, ಆದರೆ ಸರ್ವರ್‌ಗೂ ಅದನ್ನು ನೋಡಿಕೊಳ್ಳುವವರಿಗೂ ಖರ್ಚಿದೆ. ಲೆಕ್ಕಪತ್ರ, ಜಿಎಸ್‌ಟಿ, ಸಂಬಳದ ಬಗ್ಗೆ ಬರೆಯಲು ನಾನು ತಕ್ಕವನಲ್ಲ. ಹತ್ತಾರು ವರ್ಕ್ ಆರ್ಡರ್‌ಗಳನ್ನು ಒಟ್ಟಿಗೆ ಹೊರಡಿಸುವ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನ ಸೋಮವಾರದ ಬೆಳಗು ಅದರ ಮೇಲೆಯೇ ನಿಂತಿದೆ.

ಇದರ ಜೀವಾಳ ಪ್ರೊಡಕ್ಷನ್ ಪ್ಲ್ಯಾನ್. ಬಾಕಿ ಇರುವ ಮಾರಾಟದ ಆರ್ಡರ್‌ಗಳನ್ನು ಅದರೊಳಗೆ ಎಳೆದುಕೊಂಡರೆ, ಪ್ರತಿ ವಸ್ತುವಿನ ಬಿಒಎಂ (ಅದಕ್ಕೆ ಬೇಕಾದ ಬಿಡಿಭಾಗ, ಕಚ್ಚಾವಸ್ತುಗಳ ಪಟ್ಟಿ) ನೋಡಿ, ಯಾವ ಬಿಡಿಭಾಗ ಎಷ್ಟು ಬೇಕು, ಯಾವ ಕಚ್ಚಾವಸ್ತು ಕೊಳ್ಳಬೇಕು ಎಂದು ಅದೇ ಬಿಡಿಸಿಕೊಡುತ್ತದೆ. ನಮ್ಮಲ್ಲಿ 63 ಮಿ.ಮೀ. ಬೋರ್‌ನ (ಒಳವ್ಯಾಸದ) ಸಿಲಿಂಡರ್‌ಗೆ ಬೇಡಿಕೆ ಹೆಚ್ಚು. ಒಬ್ಬರಿಗೆ 200 ಮಿ.ಮೀ. ಸ್ಟ್ರೋಕ್ (ರಾಡ್ ಚಲಿಸುವ ದೂರ) ಬೇಕು, ಇನ್ನೊಬ್ಬರಿಗೆ 450. ಸ್ಟ್ರೋಕ್ ಬದಲಾದರೆ ಟ್ಯೂಬ್ ಮತ್ತು ರಾಡ್‌ನ ಉದ್ದ ಬದಲಾಗುತ್ತದೆ. ಪಿಸ್ಟನ್ ಮತ್ತು ಗ್ಲ್ಯಾಂಡ್ (ರಾಡ್ ಹೊರಬರುವ ತುದಿಯಲ್ಲಿ ಸೀಲ್ ಕೂರುವ ಭಾಗ) ಅವೇ. ಎಕ್ಸೆಲ್ ಕಾಲದಲ್ಲಿ ಏಳು ಆರ್ಡರ್‌ಗೆ ಏಳು ಸಲ ಗ್ಲ್ಯಾಂಡ್ ತಿರುವಿದ್ದುಂಟು, ಪ್ರತಿ ಸಲವೂ ಸಿಎನ್‌ಸಿ ಸೆಟ್ಟಿಂಗ್‌ಗೆ ಮುಕ್ಕಾಲು ಗಂಟೆ. ಈಗ ಒಂದೇ ಬಗೆಯ ಬಿಡಿಭಾಗಗಳನ್ನು ಕೂಡಿಸುವ ಆಯ್ಕೆಗೆ ಗುರುತು ಹಾಕಿದರೆ ಗ್ಲ್ಯಾಂಡ್‌ಗೆಲ್ಲ ಸೇರಿ ಒಂದೇ ವರ್ಕ್ ಆರ್ಡರ್ ಹುಟ್ಟುತ್ತದೆ. ಬೇರೇನೂ ಮಾಡದಿದ್ದರೂ ಇದೊಂದಕ್ಕೇ ಈ ತಂತ್ರಾಂಶವನ್ನು ನಾನು ಇಟ್ಟುಕೊಳ್ಳುತ್ತಿದ್ದೆ.

ಹೀಗೆ ಹುಟ್ಟಿದ ಕರಡುಗಳನ್ನು ಪಟ್ಟಿಯಲ್ಲಿ ಆಯ್ದು ಒಂದೇ ಸಲಕ್ಕೆ ಸಬ್ಮಿಟ್ ಮಾಡಬಹುದು, ಅಂದರೆ ಅಂತಿಮಗೊಳಿಸಿ ಹೊರಡಿಸಬಹುದು. ಸಂಖ್ಯೆ ಇಪ್ಪತ್ತರ ಒಳಗಿದ್ದರೆ ಕಣ್ಣೆದುರೇ ಮುಗಿಯುತ್ತದೆ, ಹೆಚ್ಚಾದರೆ ಹಿನ್ನೆಲೆಯ ಸರದಿಗೆ ಹೋಗುತ್ತದೆ. ಇಲ್ಲೊಂದು ಸಂಗತಿ ಹೊಸಬರಿಗೆ ತಿಳಿದಿರಲೇಬೇಕು: ಒಂದು ಆರ್ಡರ್ ತಪ್ಪಿದರೆ ಉಳಿದವು ನಿಲ್ಲುವುದಿಲ್ಲ. ಅರವತ್ತರಲ್ಲಿ ಐವತ್ತೆರಡು ದಾಟಿ ಎಂಟು ಕರಡಾಗಿಯೇ ಉಳಿಯಬಹುದು. ನಮ್ಮಲ್ಲಿ ಹಾಗೆ ಉಳಿಯಲು ಬಹುಪಾಲು ಕಾರಣ ಕೆಪ್ಯಾಸಿಟಿ ಪ್ಲ್ಯಾನಿಂಗ್. ಮೊದಲಿಗಿರುವ ಹೊಂದಿಕೆಯಂತೆ ಅದು ಮುಂದಿನ 30 ದಿನಗಳಲ್ಲಿ ಯಂತ್ರಕ್ಕೆ ಬಿಡುವು ಹುಡುಕುತ್ತದೆ. ಸಿಗದಿದ್ದರೆ ಆರ್ಡರ್ ಮುಂದೆ ಹೋಗುವುದಿಲ್ಲ. ಟ್ಯೂಬ್‌ನ ಒಳಮೈ ನಯಗೊಳಿಸುವ ಹೋನಿಂಗ್ ಯಂತ್ರ ನಮ್ಮಲ್ಲಿ ಒಂದೇ ಇರುವುದರಿಂದ ಪ್ರತಿ ಸಲವೂ ಟ್ಯೂಬ್‌ನ ಆರ್ಡರ್‌ಗಳೇ ಉಳಿಯುತ್ತವೆ. ಸಬ್ಮಿಟ್ ಆದ ಹತ್ತು ನಿಮಿಷಕ್ಕೆ ಕರಡುಗಳ ಪಟ್ಟಿಯನ್ನು ಇನ್ನೊಮ್ಮೆ ತೆರೆದು ನೋಡುವುದನ್ನು ನಾನು ತಪ್ಪಿಸುವುದಿಲ್ಲ. ಯಾವ ಭಾಗದ ಹಿಂದೆ ಯಾವುದನ್ನು ಹಾಕಿದರೆ ಸೆಟ್ಟಿಂಗ್ ಉಳಿಯುತ್ತದೆ ಎಂಬ ಲೆಕ್ಕ ಈ ತಂತ್ರಾಂಶಕ್ಕೆ ಗೊತ್ತಿಲ್ಲ. ಅದು ಇಂದಿಗೂ ನಮ್ಮ ಫೋರ್‌ಮನ್ ತಲೆಯಲ್ಲೇ ಇದೆ.

ಎರಡನೇ ವರ್ಷ ನಮ್ಮದೇ ತಪ್ಪಿನಿಂದ ದೊಡ್ಡ ಪೆಟ್ಟು ತಿಂದೆವು. ಒಂದು ಮಾದರಿಯ ರಾಡ್ ಸೀಲ್ ಬದಲಾಗಿ, ಅಗಲವಾದ ಗ್ರೂವ್ ಇರುವ ಹೊಸ ಗ್ಲ್ಯಾಂಡ್ ಬಂದಿತ್ತು. ಹೊಸ ಬಿಒಎಂ ಕೂಡ ಸಿದ್ಧವಾಗಿತ್ತು, ಆದರೆ ಅದನ್ನು ಡೀಫಾಲ್ಟ್ ಎಂದು ಯಾರೂ ಗುರುತಿಸಿರಲಿಲ್ಲ. ಪ್ಲ್ಯಾನ್ ಹಳೆಯದನ್ನೇ ಎತ್ತಿಕೊಂಡಿತು. ನಾನು ಮೂವತ್ತೆಂಟು ಆರ್ಡರ್‌ಗಳನ್ನು ಒಂದೇ ಏಟಿಗೆ ಸಬ್ಮಿಟ್ ಮಾಡಿದೆ. ಗುರುವಾರ ಜೋಡಣೆಯ ಮೇಜಿನ ಮುಂದೆ ನಮ್ಮ ಹಿರಿಯ ಫಿಟ್ಟರ್ ಸೀಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ತಿರುಗಿಸಿ ಮತ್ತೆ ಒತ್ತಿದರು, ಆಮೇಲೆ ಗ್ಲ್ಯಾಂಡನ್ನು ನನ್ನ ಅಂಗೈಯಲ್ಲಿಟ್ಟು, "ಸರ್, ಇದು ಕೂಡ್ರುವುದಿಲ್ಲ" ಎಂದರು. ನೂರ ನಲವತ್ತು ಗ್ಲ್ಯಾಂಡ್ ಹಾಗೇ ತಯಾರಾಗಿದ್ದವು. ಗ್ರೂವ್ ಅಗಲಿಸಬಹುದಾಗಿದ್ದರಿಂದ ಗುಜರಿಗೆ ಹೋಗದೆ ಉಳಿದವು, ಆದರೆ ಎರಡು ಶಿಫ್ಟ್ ಹೋಯಿತು. ಒಟ್ಟಿಗೆ ಹೊರಡಿಸಿದ್ದನ್ನು ಹಿಂದಕ್ಕೆ ಪಡೆಯುವುದು ಅಷ್ಟು ಸುಲಭವಲ್ಲ: ಮೊದಲು ಸ್ಟಾಕ್ ಎಂಟ್ರಿ (ಸಾಮಗ್ರಿ ಓಡಾಟದ ದಾಖಲೆ), ಆಮೇಲೆ ಜಾಬ್ ಕಾರ್ಡ್ (ಒಂದೊಂದು ಹಂತದ ಕೆಲಸದ ಚೀಟಿ), ಕೊನೆಗೆ ವರ್ಕ್ ಆರ್ಡರ್, ಹೀಗೆ ಬಂದ ದಾರಿಯಲ್ಲೇ ಹಿಂದೆ ಹೋಗಬೇಕು. ನನಗೆ ಒಂದೂವರೆ ದಿನ ಹಿಡಿಯಿತು. ಅಂದಿನಿಂದ ಕರಡುಗಳ ಪಟ್ಟಿಯಲ್ಲಿ ಬಿಒಎಂ ಸಂಖ್ಯೆಯ ಕಾಲಂ ತೆರೆದಿಟ್ಟು, ಕೊನೆಯ ಮೂರು ಅಂಕೆಗಳನ್ನು ಡಿಸೈನ್ ವಿಭಾಗದ ಪಟ್ಟಿಯೊಂದಿಗೆ ತಾಳೆ ನೋಡದೆ ಗುಂಡಿ ಒತ್ತುವುದಿಲ್ಲ.

ಸಾಮಗ್ರಿ ಖರ್ಚು ಬರೆಯುವ ವಿಧಾನವನ್ನೂ ಮೊದಲೇ ಯೋಚಿಸಿ ಆರಿಸಬೇಕು. ಬಿಒಎಂ ಪ್ರಕಾರ ಖರ್ಚು ಹಾಕಬಹುದು, ಇಲ್ಲವೇ ಸ್ಟೋರ್‌ನಿಂದ ನಿಜವಾಗಿ ಹೋದ ಪ್ರಮಾಣದ ಮೇಲೆ ಹಾಕಬಹುದು. ನಾವು ಮೊದಲನೆಯದನ್ನು ಹಿಡಿದೆವು. ಆರು ಮೀಟರ್ ಸರಳನ್ನು ಕತ್ತರಿಸಿದಾಗ ಉಳಿಯುವ ತುಂಡುಗಳು ಬಿಒಎಂನಲ್ಲಿ ಇರಲಿಲ್ಲ. ವರ್ಷದ ಕೊನೆಗೆ ಪುಸ್ತಕದಲ್ಲಿದ್ದ ಉಕ್ಕು ರ‍್ಯಾಕ್‌ನಲ್ಲಿ ಇರಲಿಲ್ಲ. ಈಗ ಎರಡನೆಯ ವಿಧಾನದಲ್ಲಿದ್ದೇವೆ. ಇದರಲ್ಲಿ ಸ್ಟೋರ್‌ನವರಿಗೆ ಕೆಲಸ ಹೆಚ್ಚು, ಮರಳಿ ಬಂದ ತುಂಡನ್ನು ತೂಗಿ ಬರೆಯಲೇಬೇಕು. ಅವರ ಅನುಕೂಲಕ್ಕೆ ವಸ್ತುಗಳ ವಿವರಣೆಯನ್ನು ಕನ್ನಡದಲ್ಲೇ ತುಂಬಿದ್ದೇವೆ, ಜಾಬ್ ಕಾರ್ಡ್ ಮೇಲೂ ಅದೇ ಮುದ್ರಣವಾಗುತ್ತದೆ.

ಬಿಒಎಂ ಅಚ್ಚುಕಟ್ಟಾಗಿರುವ, ಹಲವು ಮಾದರಿಗಳಿಗೆ ಒಂದೇ ಬಿಡಿಭಾಗ ಬಳಸುವ ಕಾರ್ಖಾನೆಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ದಿನಕ್ಕೊಂದು ಹೊಸ ನಕ್ಷೆ ಬರುವ ಜಾಬ್‌ವರ್ಕ್ ಶಾಪ್‌ಗೆ ಒಟ್ಟಿಗೆ ಹೊರಡಿಸುವುದರಿಂದ ಹೆಚ್ಚು ಲಾಭವಿಲ್ಲ. ಹೊಸದಾಗಿ ಶುರು ಮಾಡುವವರು ಮೊದಲ ತಿಂಗಳು ಐದೈದೇ ಆರ್ಡರ್ ಕಳುಹಿಸಿ. ನಾಲ್ಕು ವರ್ಷವಾದರೂ ನಾನು ಎಂಡ್ ಕ್ಯಾಪ್‌ಗಳನ್ನು ಮಾತ್ರ ಬೇರೆ ಗುಂಪಾಗಿ ಇಟ್ಟುಕೊಂಡಿದ್ದೇನೆ. ಅವುಗಳ ಎರಕ ಹೊರಗಿನ ಫೌಂಡ್ರಿಯಿಂದ ಬರಬೇಕು. ಗಾಡಿ ಗೇಟಿನೊಳಗೆ ಬಂದ ಮೇಲೆಯೇ ಅವನ್ನು ಸಬ್ಮಿಟ್ ಮಾಡುತ್ತೇನೆ.