ಕನ್ನಡದ ಉದ್ದ ಬರಹ ವೆಬ್ ಆಪ್‌ನಲ್ಲಿ ಸೇವ್ ಮಾಡುವವರು ಇದನ್ನು ಓದಿ

ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಹಿರಿಯರ ನೆನಪುಗಳನ್ನು ಬಾಗಲಕೋಟೆ ನವನಗರದಲ್ಲಿ ನಾವು ಕೆಲವರು ಸೇರಿ ಒಂದು ವೆಬ್ ಆಪ್‌ನಲ್ಲಿ ಬರೆದಿಡುತ್ತಿದ್ದೇವೆ. ಅದರಲ್ಲಿ ನಮ್ಮ ಓಣಿಯ ಅಜ್ಜರೊಬ್ಬರ ಕಥೆಯೇ ಎಲ್ಲಕ್ಕಿಂತ ಉದ್ದ. ನಾಲ್ಕು ದಿನ ಕೂತು ಕೇಳಿ ಬರೆದದ್ದು. ಆಮೇಲೆ ಅವರು ಊರ ಜಾತ್ರೆಯ ವಿಷಯ ಇನ್ನಷ್ಟು ಹೇಳಿದರು, ಅದನ್ನು ನಡುವೆ ಸೇರಿಸಿ ಸೇವ್ ಒತ್ತಿದೆ. ಸೇವ್ ಆಯಿತು ಅಂತ ಹಸಿರು ಪಟ್ಟಿಯೂ ಬಂತು.

ಹದಿನೈದು ದಿನ ಬಿಟ್ಟು ತೆರೆದರೆ ಕಥೆ ಒಂದು ಪದದ ನಡುವೆಯೇ ನಿಂತಿದೆ. ಮನೆ ಬಿಟ್ಟು ಬಂದ ದಿನದ ಭಾಗ ಪೂರ್ತಿ ಹೋಗಿದೆ! ಬ್ಯಾಕಪ್ ಏಳು ದಿನದ್ದು ಮಾತ್ರ ಇತ್ತು, ಏಳರಲ್ಲೂ ತುಂಡಾದ ಕಥೆಯೇ. ಫೋನಿನ ರೆಕಾರ್ಡಿಂಗನ್ನು ಜಾಗ ಸಾಲದೆ ಅಳಿಸಿಬಿಟ್ಟಿದ್ದೆ.

ಆಗಿದ್ದು ಇಷ್ಟು. ಆಪ್ ಬರಹವನ್ನು ಇಡುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ. ಅದರ ಟೆಕ್ಸ್ಟ್ ಕಾಲಂ, ಅಂದರೆ ಬರಹ ಇಡುವ ಒಂದು ಬಗೆಯ ಖಾನೆ, ಹಿಡಿಯುವುದು 65,535 ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಚಿಕ್ಕ ಅಳತೆ). ಆಪ್ ಮಾಡಿಕೊಟ್ಟವರು ಅದನ್ನೇ 65,535 ಅಕ್ಷರ ಅಂದುಕೊಂಡು ನಾವು ಬರೆಯುವ ಪೆಟ್ಟಿಗೆಗೆ ಮಿತಿ ಹಾಕಿದ್ದರು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಆದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತದ ಗುರುತು, ಒತ್ತಕ್ಷರಕ್ಕೆ ನಡುವೆ ಬರುವ ವಿರಾಮ ಚಿಹ್ನೆ (್), ಎಲ್ಲಕ್ಕೂ ಮೂರು ಮೂರು ಬೈಟ್ ಬೇಕು. ಸುಮ್ನೆ 'ಸ್ತ್ರೀ' ಅಂತ ಬರೆದರೂ 18 ಬೈಟ್ ಆಯಿತು. ಹೀಗಾಗಿ ಪೆಟ್ಟಿಗೆಯ ಕೆಳಗಿನ ಲೆಕ್ಕ ಇನ್ನೂ ಅರ್ಧಕ್ಕಿಂತ ಜಾಸ್ತಿ ಜಾಗ ಇದೆ ಅನ್ನುವಾಗಲೇ ಕಾಲಂ ತುಂಬಿತ್ತು. ಮೈಎಸ್‌ಕ್ಯೂಎಲ್ 5.7ನೇ ಆವೃತ್ತಿಯಿಂದ ಸ್ಟ್ರಿಕ್ಟ್ ಮೋಡ್ ಎಂಬ ಕಟ್ಟುನಿಟ್ಟಿನ ಸೆಟ್ಟಿಂಗ್ ತಾನಾಗಿಯೇ ಆನ್ ಇರುತ್ತದೆ, ಇಂಥ ಹೊತ್ತಲ್ಲಿ ಎರರ್ ಕೊಟ್ಟು ತಡೆಯುತ್ತದೆ. ನಮ್ಮದರಲ್ಲಿ ಹಳೇ ಕೋಡ್ ಎರರ್ ಕೊಡುತ್ತಿದೆ ಅಂತ ಅದನ್ನು ಆಫ್ ಮಾಡಿಟ್ಟಿದ್ದರು, ಹಾಗಾಗಿ ಹಿಡಿಸದ ಭಾಗ ಸದ್ದಿಲ್ಲದೆ ಕತ್ತರಿಸಿ ಹೋಯಿತು. ಒಬ್ಬರ ಬದುಕಿನ ಕಥೆ ಇಡುವ ಜಾಗದಲ್ಲಿ ಹೀಗೆ ಮಾಡುವುದು ದೊಡ್ಡ ತಪ್ಪು, ಅಲ್ವಾ?

ಮತ್ತೆ ಅಜ್ಜನ ಬಳಿ ಹೋದೆ. "ಅವತ್ತ ಹೇಳೀನಲ್ಲೋ ತಮ್ಮಾ" ಅಂದರು, ಬೇಸರಪಡದೆ ಮತ್ತೆ ಹೇಳಿದರು. ಆದರೆ ಬಾಗಿಲ ಚೌಕಟ್ಟು ಕಿತ್ತು ಗಾಡಿಗೆ ಹೇರಿದ್ದು ಈ ಸಲ ಬರಲಿಲ್ಲ. ನಾನೇ ಕೇಳಿದರೆ, ಅದು ಯಾವ ಮನೆಯದು ಅಂತ ನನ್ನನ್ನೇ ಕೇಳಿದರು.

ದಯವಿಟ್ಟು ಮೊದಲು ಬೇರೆ ಫೈಲಿನಲ್ಲಿ ಬರೆದಿಟ್ಟು ಆಮೇಲೆ ಆಪ್‌ಗೆ ಹಾಕಿ. ಸೇವ್ ಆದ ಮೇಲೆ ಪುಟ ಮತ್ತೆ ತೆರೆದು ಕೊನೆಯ ಸಾಲು ಇದೆಯಾ ನೋಡಿ, ಹಸಿರು ಪಟ್ಟಿಯನ್ನು ನಂಬಬೇಡಿ. ಆಪ್ ನಿಮ್ಮದೇ ಆಗಿದ್ದರೆ ಕಾಲಂ ಅನ್ನು ಮೀಡಿಯಂಟೆಕ್ಸ್ಟ್‌ಗೆ ಬದಲಿಸಿ, ಅದು ಸುಮಾರು 16 ಎಂಬಿ ಹಿಡಿಯುತ್ತದೆ, ಸ್ಟ್ರಿಕ್ಟ್ ಮೋಡ್ ಆನ್ ಮಾಡಿ. ನಾವು ಈಗ ತಿದ್ದುವ ಮುಂಚಿನ ಪ್ರತಿಯನ್ನೂ ಬೇರೆ ಟೇಬಲ್‌ನಲ್ಲಿ ಉಳಿಸುತ್ತಿದ್ದೇವೆ. ರೆಕಾರ್ಡಿಂಗ್ ಒಂದನ್ನೂ ಅಳಿಸುತ್ತಿಲ್ಲ.