ಚರಂಡಿ, ಇಂಟರ್‌ಲಾಕ್, ಇಂಗುಬಾವಿ: ನಮ್ಮ ಅಡ್ಡರಸ್ತೆಯಲ್ಲಿ ಮೂರನ್ನೂ ಮಾಡಿ ನೋಡಿದ್ದೇವೆ

ನಮ್ಮ ಲೇಔಟ್ ಬೆಂಗಳೂರಿನ ದಕ್ಷಿಣದಲ್ಲಿ, ಇಳಿಜಾರಿನ ಮೇಲಿದೆ. ನಮ್ಮ ಮನೆ ಇಳಿಜಾರಿನ ಕೊನೆಗೆ. ಮೇಲಿನ ಇಪ್ಪತ್ತು ಮನೆಗಳ ನೀರೆಲ್ಲ ನಮ್ಮ ಗೇಟಿನ ಮುಂದೆಯೇ ಹಾದುಹೋಗಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಚರಂಡಿ ತುಂಬಿ ಸಂಪಿನೊಳಗೆ ಕೆಸರು ನೀರು ನುಗ್ಗಿತು. ಅವತ್ತಿನಿಂದ ಇದೇ ನಮ್ಮ ಚಿಂತೆ.

ಮೊದಲು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಅಡಿ ಸೈಟ್ ಅಂದರೆ ಸುಮಾರು 110 ಚದರ ಮೀಟರ್. 50 ಮಿ.ಮೀ ಮಳೆ ಬಂದರೆ ಒಂದು ಸೈಟಿಗೆ 5,500 ಲೀಟರ್, ಹತ್ತಿರ ಹತ್ತಿರ ಒಂದು ಸಣ್ಣ ಟ್ಯಾಂಕರ್. ಇಪ್ಪತ್ತು ಸೈಟಿಗೆ 1,10,000 ಲೀಟರ್! 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಅದೇ ಟ್ಯಾಂಕರಿಗೆ ನಾವು ದುಡ್ಡು ಕೊಟ್ಟು ಕಾದು ಕೂತಿದ್ದೆವು, ಅದು ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಮೊದಲು ಮಾಡಿದ್ದು ಚರಂಡಿ ಕೆಲಸ. ಒಂದೂವರೆ ಅಡಿ ಆಳ ಮಾಡಿಸಿ, ತಳಕ್ಕೆ ಕಾಂಕ್ರೀಟ್ ಹಾಕಿಸಿದೆವು. ನಮ್ಮ ಗೇಟಿನ ಮುಂದೆ ನೀರು ನಿಲ್ಲುವುದು ಕಡಿಮೆಯಾಯಿತು, ಆದರೆ ವೇಗ ಹೆಚ್ಚಾಗಿ ಕೆಳಗಿನ ರಸ್ತೆಯ ಮೋರಿಗೆ ಎಲ್ಲ ನೀರೂ ಒಂದೇ ಸಲ ಹೋಗಿ, ಅಲ್ಲಿದ್ದ ಅಜ್ಜಿಯ ಮನೆ ಹೊಸಿಲು ದಾಟಿತು. ನಮ್ಮ ತೊಂದರೆಯನ್ನು ಅವರ ಮನೆಗೆ ಕಳಿಸಿದ ಹಾಗಾಯಿತು. ಇದು ನನಗೆ ಸರಿ ಅನಿಸಲಿಲ್ಲ.

ಆಮೇಲೆ ಮನೆ ಮುಂದಿನ ಫುಟ್‌ಪಾತಿಗೆ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕೂಡಿಸಿ ಹಾಸುವ ಸಿಮೆಂಟ್ ಇಟ್ಟಿಗೆ. ಸಂದಿಯಲ್ಲಿ ನೀರು ಇಂಗುತ್ತದೆ ಅಂದರು. ಕೆಳಗೆ ಬರೀ ಜಲ್ಲಿ, ಮರಳು ಇದ್ದರೆ ನಿಜ. ಕಾಂಕ್ರೀಟ್ ಹಾಸಿ ಮೇಲೆ ಕೂರಿಸಿದರೆ ಒಂದು ಹನಿಯೂ ಇಳಿಯುವುದಿಲ್ಲ. ನಮ್ಮದು ಮೊದಲ ವರ್ಷ ಚೆನ್ನಾಗಿತ್ತು, ಎರಡನೇ ವರ್ಷಕ್ಕೆ ಸಂದಿಗಳಲ್ಲಿ ಧೂಳು ಕೂತಿತು. ಸಮತಟ್ಟು ಅಂಗಳಕ್ಕೆ ಹಾಕಿಸಿ, ಇಳಿಜಾರಿಗೆ ಬೇಡ.

ಕೊನೆಗೆ ಇಂಗುಬಾವಿ, ಅಂದರೆ ಮಳೆನೀರನ್ನು ನೆಲದೊಳಕ್ಕೆ ಇಂಗಿಸುವ ಬಾವಿ. ತೋಡಲು ಬಂದವರು ಮಣ್ಣುವಡ್ಡರು, ತಲೆತಲಾಂತರದಿಂದ ಬಾವಿ ತೋಡುವವರು. ನಾನು ನಮ್ಮ ಗೇಟಿನ ಹತ್ತಿರ ಜಾಗ ತೋರಿಸಿದೆ. ಅವರಲ್ಲಿ ಹಿರಿಯರೊಬ್ಬರು ಇಡೀ ರಸ್ತೆ ನಡೆದು ನೋಡಿ ಬಂದು, "ಸಾರ್, ಇಲ್ಲಿ ಎಷ್ಟು ಆಳ ತೋಡಿದ್ರೂ ಅಷ್ಟೇ. ನೀರನ್ನ ಮೇಲೇ ಹಿಡೀರಿ" ಅಂದರು. ನಾವು ಮೂರು ವರ್ಷ ಹುಡುಕಿದ್ದು ಇದನ್ನೇ ಅಲ್ವಾ!

ಇಳಿಜಾರಿನ ಮೇಲ್ಭಾಗದಲ್ಲಿ ಚರಂಡಿಯ ಪಕ್ಕ ನಾಲ್ಕು ಬಾವಿ ತೋಡಿಸಿದೆವು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಸಿಮೆಂಟ್ ರಿಂಗು, ರಿಂಗಿನ ಸುತ್ತ ಜಲ್ಲಿ, ತಳಕ್ಕೆ ಕಾಂಕ್ರೀಟ್ ಇಲ್ಲ. ಜೇಡಿ ಮಣ್ಣಿನಲ್ಲೇ ನಿಲ್ಲಿಸಬಾರದು, ಗರಸು, ಅಂದರೆ ಕಲ್ಲುಚೂರು ಬೆರೆತ ಒರಟು ಮಣ್ಣು ಸಿಗುವವರೆಗೆ ಇಳಿಯಬೇಕು. ಒಂದು ಬಾವಿಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ನಾಲ್ಕೂ ಸೇರಿ 16,000. ಒಂದು ಲಕ್ಷದ ಮುಂದೆ ಇದು ಕಡಿಮೆಯೇ, ಆದರೆ ತುಂಬುತ್ತಾ ತುಂಬುತ್ತಾ ಇಂಗುತ್ತಲೂ ಇರುತ್ತದೆ, ಜೊತೆಗೆ ಮೇಲಿನ ಕೆಲವು ಮನೆಯವರು ತಾರಸಿ ನೀರನ್ನು ಸಂಪಿಗೆ ತಿರುಗಿಸಿದ್ದರಿಂದ ಕೆಳಗೆ ಬರುವ ನೀರು ತಡವಾಗಿ, ನಿಧಾನವಾಗಿ ಬರುತ್ತದೆ. ಸಾಧಾರಣ ಮಳೆಗೆ ನಮ್ಮ ಗೇಟಿನ ಮುಂದೆ ಈಗ ಪಾದ ಮುಳುಗುವಷ್ಟೂ ನಿಲ್ಲುವುದಿಲ್ಲ. ಜೋರು ಮಳೆಗೆ ಚರಂಡಿ ಬೇಕೇ ಬೇಕು.

ಎರಡು ತಪ್ಪು ನಾವು ಮಾಡಿದ್ದು, ನೀವು ಮಾಡಬೇಡಿ. ಬಾವಿಗೆ ಮೊದಲು ಹೂಳು ನಿಲ್ಲುವ ಸಣ್ಣ ತೊಟ್ಟಿ ಕಟ್ಟಿಸಿರಲಿಲ್ಲ. ಒಂದೇ ಮಳೆಗಾಲಕ್ಕೆ ಒಂದು ಬಾವಿಯಲ್ಲಿ ನಾಲ್ಕು ಅಡಿ ಹೂಳು. ಇನ್ನೊಂದು, ಯಾರದೋ ವಾಷಿಂಗ್ ಮೆಷಿನ್ ಪೈಪು ಅದೇ ಚರಂಡಿಗೆ ಬಿಟ್ಟಿತ್ತು. ಸೋಪು ನೀರು, ಬಚ್ಚಲು ನೀರು ಬಾವಿಗೆ ಇಳಿದರೆ ಅಂತರ್ಜಲವೇ ಕೆಡುತ್ತದೆ. ಮನೆ ಮನೆಗೂ ಹೋಗಿ ಕೇಳಿ, ಪೈಪು ಬದಲಾಯಿಸಿದೆವು.

ದುಡ್ಡು ಒಂದಕ್ಕೇ ಇದ್ದರೆ ನನ್ನ ಮಾತು ಇಂಗುಬಾವಿಗೆ, ಅದೂ ಇಳಿಜಾರಿನ ಮೇಲ್ಭಾಗಕ್ಕೆ. ಆಮೇಲೆ ಕಟ್ಟಿಸಿದ ತೊಟ್ಟಿಗಳ ಹೂಳನ್ನು ಮೇ ತಿಂಗಳಲ್ಲಿ ತೆಗೆಸುತ್ತೇವೆ. ಪಾರ್ಕಿನ ಪಕ್ಕ ಇನ್ನೆರಡು ಬಾವಿಗೆ ಜಾಗ ಗುರುತು ಮಾಡಿದ್ದಾಗಿದೆ, ಆ ಅಜ್ಜಿಯ ಮಗನೂ ಒಂದಕ್ಕೆ ದುಡ್ಡು ಸೇರಿಸುತ್ತೇನೆ ಅಂದಿದ್ದಾರೆ.